ಶಾಲೆ ಬಿಟ್ಟವಳ ಸಾಕ್ಷಿ

ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಂಬತ್ತೇಳು
ಮಧ್ಯಾಹ್ನ ಮೂರು ಗಂಟೆ

ಎರಡು ಸಾವಿರದ ಇಪ್ಪತ್ತಾರರಲ್ಲಿ ನಮ್ಮ ಶಿಕ್ಷಣ ಕಾಲೇಜಿನಿಂದ ಹೊರಬಿದ್ದ ಪದವೀಧರರಿಗೆ,

ತಾರೀಖು ನೋಡಿ ತಪ್ಪು ಬರೆದಿದ್ದೇನೆ ಎಂದುಕೊಳ್ಳಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನ ಸೇರಿದ್ದು ನನ್ನ ಅಜ್ಜಿಯ ಕಾಲದಲ್ಲಿ. ಇನ್ನು ಕೆಲವು ಮಾತುಗಳೂ ನಿಮಗೆ ಹೊಸವು ಅನ್ನಿಸಬಹುದು. ಅವಕ್ಕೆ ಅಲ್ಲಲ್ಲೇ ಅರ್ಥ ಹೇಳುತ್ತೇನೆ, ಕ್ಷಮಿಸಿ.

ನಿಮ್ಮ ವರ್ಷದ ಒಂದು ಕರಪತ್ರ ಕಾಲೇಜಿನ ಗೋಡೆಯ ಮೇಲೆ ಇನ್ನೂ ಇದೆ. ಸಮಾನತೆಗಾಗಿ, ಸಾಮಾಜಿಕ ನ್ಯಾಯಕ್ಕಾಗಿ ದುಡಿದ ಐವರು ಶಿಕ್ಷಕರಿಗೆ ಶಾಲು ಹೊದಿಸಿದ ಸುದ್ದಿ ಅದರಲ್ಲಿದೆ. ಆ ಗೌರವ ಇಂದಿಗೂ ನಡೆದುಕೊಂಡು ಬಂದಿದೆ. ನಾವು ಅದನ್ನು ಸಮಪಾಲು ಎಂದು ಕರೆಯುತ್ತೇವೆ. ಆದರೆ ಪಡೆಯುವ ಕ್ರಮ ಬದಲಾಗಿದೆ. ಶಿಕ್ಷಕರ ಕೈಯಲ್ಲಿ ಓದಿ ಮುಂದೆ ಬಂದವರನ್ನು ಈಗ ಯಾರೂ ಕೇಳುವುದಿಲ್ಲ. ಅವರ ತರಗತಿಯಿಂದ ನಡುವೆಯೇ ಎದ್ದುಹೋದವರನ್ನು ಹುಡುಕಿ ಕರೆಸುತ್ತಾರೆ. ಮುಚ್ಚಿದ ಕೋಣೆಯಲ್ಲಿ ಅವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳುತ್ತಾರೆ. ಅವರಲ್ಲಿ ಒಬ್ಬರು ಬೇಡವೆಂದರೂ ಗೌರವವಿಲ್ಲ. ಗೌರವಕ್ಕೆ ಹೆಸರು ಬಂದವರು ಹೊರಗಿನ ಬೆಂಚಿನಲ್ಲಿ ಕುಳಿತು, ಉತ್ತರ ಕೊಡಲಾಗದ ಯಾರಿಗಾದರೂ ಕಾಗದ ಬರೆಯಬೇಕು. ಸುಮ್ಮನೆ ಕುಳಿತರೆ ಸಾಕ್ಷಿಗಳ ಮುಖ ದಿಟ್ಟಿಸಿ ಹೆದರಿಸುತ್ತಾರೆಂದು ಮಾಡಿದ ನಿಯಮವಂತೆ. ನಾನು ನಿಮ್ಮನ್ನು ಆರಿಸಿಕೊಂಡೆ.

ನನ್ನ ಹೆಸರು ದೇವಕ್ಕ ಮ್ಯಾಗಳಮನಿ. ಹೂಳೂರಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕಲಿಸುತ್ತಿದ್ದೇನೆ. ತುಂಗಭದ್ರೆಯ ಹಿನ್ನೀರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹೂಳು ತುಂಬಿದೆ. ಅದನ್ನು ಅಗೆದು ಇಟ್ಟಿಗೆ ಮಾಡುವವರು ಅದರ ಮೇಲೆಯೇ ಮನೆ ಕಟ್ಟಿಕೊಂಡ ಊರು ನಮ್ಮದು. ಬೆಳಗ್ಗೆ ಆರಕ್ಕೆ ಅಗೆಯುವ ಯಂತ್ರ ಕೂಗುತ್ತದೆ, ಏಳಕ್ಕೆ ಶಾಲೆಯ ಗಂಟೆ. ಮಕ್ಕಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುತ್ತಾರೆ. ಬಾಗಿಲ ಬಳಿ ಎರಡು ತೊಟ್ಟಿ ನೀರು ಇಟ್ಟಿದ್ದೇವೆ. ಈಗ ನಲವತ್ತಮೂರು ಮಕ್ಕಳಿದ್ದಾರೆ. ಬರುವ ಜೂನ್‌ಗೆ ಮುಚ್ಚಬೇಕಾದ ಶಾಲೆಗಳ ಪಟ್ಟಿಯಲ್ಲಿ ನಮ್ಮದೂ ಇದೆ. ಮುಚ್ಚಿದರೆ ಹತ್ತಿರದ ಶಾಲೆ ಹದಿನಾಲ್ಕು ಕಿಲೋಮೀಟರ್ ದೂರ. ಅಲ್ಲಿಗೆ ನಮ್ಮವರು ಹೆಣ್ಣುಮಕ್ಕಳನ್ನಂತೂ ಕಳಿಸುವುದಿಲ್ಲ. ಸಮಪಾಲು ಪಡೆದವರ ಶಾಲೆಯನ್ನು ಹತ್ತು ವರ್ಷ ಯಾರೂ ಮುಟ್ಟುವಂತಿಲ್ಲ. ನನಗೆ ಈ ಗೌರವ ಬೇಕಾಗಿರುವುದು ಅದಕ್ಕಾಗಿ.

ನನ್ನ ಹೆಸರು ಸೂಚಿಸಿದ್ದು ತಿರುಗುಸಾಲಿನ ಕಾರಣಕ್ಕೆ. ನಾನು ಬಂದಾಗ ಮೇಸ್ತ್ರಿಗಳ ಮಕ್ಕಳು ಮುಂದೆ, ಅಗೆಯುವವರ ಮಕ್ಕಳು ಹಿಂದೆ ಕೂರುತ್ತಿದ್ದರು. ನಮ್ಮ ಮನೆತನದವರು ತಲೆಮಾರುಗಟ್ಟಲೆ ಬಾಗಿಲ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವರು. ಮೂರನೆಯ ವರ್ಷಕ್ಕೆ ನನಗೆ ಅದನ್ನು ಸಹಿಸಲಾಗಲಿಲ್ಲ. ಪ್ರತಿದಿನ ಪ್ರತಿ ಮಗುವೂ ಒಂದು ಸಾಲು ಹಿಂದೆ ಸರಿಯಬೇಕು, ಕೊನೆಯ ಸಾಲಿನವರು ಮುಂದೆ ಬರಬೇಕು ಎಂದು ಕಟ್ಟುಮಾಡಿದೆ. ಯಾರಿಗೂ ವಿನಾಯಿತಿ ಇಲ್ಲ. ಈಗ ಅರವತ್ತು ಶಾಲೆಗಳು ಇದನ್ನು ಅನುಸರಿಸುತ್ತಿವೆ.

ನನ್ನ ತರಗತಿ ಬಿಟ್ಟವರು ಆರು ಜನ. ಬೆಳಗ್ಗೆಯಿಂದ ಐವರು ಒಳಗೆ ಹೋಗಿ ಬಂದರು. ಐವರೂ ಒಪ್ಪಿದರೆಂದು ಬಾಗಿಲು ಕಾಯುವ ಬಸಣ್ಣೆಪ್ಪ ಹುಬ್ಬಿನಲ್ಲೇ ತಿಳಿಸಿದ. ನಾನು ಬರೆಯುವುದನ್ನು ನೋಡಿ, "ಅಕ್ಕಾರ, ಹಿಂಗ ಬರದ್ರ ಕಾಲೇಜಿನ ಹಾಳಿ ಎಲ್ಲಾ ನಿಮಗ ಬೇಕಾಗ್ತಾವು" ಎಂದು ನಕ್ಕ. ನಾನೂ ನಕ್ಕೆ. ಆಗ ಆರನೆಯವಳು ಬಂದಳು.

"ಅಕ್ಕಾರ, ಗುರ್ತು ಹತ್ತಿತೇನ್ರಿ?"

ಹುಲಿಗೆಮ್ಮ. ನಾಲ್ಕನೇ ತರಗತಿಯಲ್ಲಿ, ತಿರುಗುಸಾಲು ಶುರುವಾದ ಮೂರು ತಿಂಗಳಿಗೆ, ಶಾಲೆ ಬಿಟ್ಟವಳು. ಹದಿನೆಂಟು ವರ್ಷವಾಯಿತು. ಇಟ್ಟಿಗೆ ಕೆಲಸಕ್ಕೆ ಹೋದಳೆಂದು ನಾನು ನಂಬಿದ್ದೆ. ಈಗ ಅವಳ ಕಿವಿಯಲ್ಲಿ ಕಿವಿಮಣಿ ಇತ್ತು. ಕೇಳಿಸದವರಿಗೆ ಮಾತು ಮುಟ್ಟಿಸುವ ಸಣ್ಣ ಸಾಧನ ಅದು.

"ಇದು ಮೊನ್ನೆ ಮೊನ್ನೆ ಸಿಕ್ಕಿದ್ರಿ. ಆವಾಗ ನಿಮ್ಮ ಬಾಯಿ ನೋಡಿ ಪಾಠ ತಿಳ್ಕೋತಿದ್ದೆ. ಹಿಂದ ಕುಂತ್ರ ಬಾಯಿ ಕಾಣಬೇಕಲ್ರಿ?"

"ನನಗ ಹೇಳಬಾರದಾಗಿತ್ತೇನವಾ?"

"ಹೇಳಿದ್ರ ಶಹರದಾಗ ಕಿವಿ ಕೇಳದವರ ಹಾಸ್ಟೆಲಿಗೆ ಒಯ್ತಿದ್ರು. ಅವ್ವ ಆಣಿ ಹಾಕಿದ್ಲು, ಯಾರಿಗೂ ಹೇಳಬ್ಯಾಡ ಅಂತ. ಅದಕ್ಕ ಬರೇ ಮುಂದ ಕುಂದರ್ತೀನ್ರಿ ಅಂತ ಕೇಳಿದೆ. ನೀವು ಏನಂದ್ರಿ, ನೆನಪೈತೇನ್ರಿ?"

ನೆನಪಿತ್ತು. ಮುಂದಿನ ಸಾಲು ಯಾರ ಅಪ್ಪನ ಆಸ್ತಿಯೂ ಅಲ್ಲ ಎಂದಿದ್ದೆ. ಮೇಸ್ತ್ರಿಗಳ ಮಕ್ಕಳಿಗೆ ಹೇಳಿ ರೂಢಿಯಾಗಿದ್ದ ಮಾತು. ಇಡೀ ತರಗತಿ ನಕ್ಕಿತ್ತು. ಅವತ್ತು ಸಂಜೆ ನನ್ನ ದಿಟ್ಟತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

"ಎಲ್ಲಾರೂ ನಕ್ಕಿದ್ದು ಕೇಳಲಿಲ್ರಿ. ಹಲ್ಲು ಕಂಡ್ವು," ಎಂದಳು ಹುಲಿಗೆಮ್ಮ.

ನಾನು ಕ್ಷಮೆ ಕೇಳಿದೆ. ಅವಳು ಕಿವಿಮಣಿ ಸರಿಮಾಡಿಕೊಂಡಳು. ಆಮೇಲೆ ಕೇಳಿದಳು: "ಬರೋ ಜೂನಕ್ಕ ನನ್ನ ಮಗಳು ನಿಮ್ಮ ಶಾಲಿಗೆ ಬರ್ತಾಳ್ರಿ. ಅಕೀದೂ ಕಿವಿ ಹಿಂಗ. ಎಲ್ಲಿ ಕುಂದರಸ್ತೀರಿ?"

"ಮುಂದನ ಕುಂದರಸ್ತೀನವಾ."

"ನೋಡ್ರಿ, ಮತ್ತ ನೀವ ಹೇಳಾಕತ್ತೀರಿ. ಅಕೀನ್ನ ಕೇಳ್ರಿ."

ಬಸಣ್ಣೆಪ್ಪ ಅವಳ ಹೆಸರು ಕರೆದ. ಸಾಕ್ಷಿಯ ಬಳಿ ಏನನ್ನೂ ಬೇಡಬಾರದು ಎಂಬುದು ನಿಯಮ. ನಾನದನ್ನು ಮುರಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಾಯಿಂದ ಅರ್ಧ ಮಾತು ಹೊರಬಂತು: "ಹುಲಿಗೆಮ್ಮಾ, ಶಾಲಿ..."

"ಗೊತ್ತೈತ್ರಿ," ಎಂದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷವಾಯಿತು. ಹಿಂದಿನ ಐವರಲ್ಲಿ ಯಾರೂ ಹತ್ತು ನಿಮಿಷ ದಾಟಿರಲಿಲ್ಲ. ಅವಳು ಹೌದೆಂದರೆ ನಲವತ್ತಮೂರು ಮಕ್ಕಳು ಉಳಿಯುತ್ತಾರೆ, ಆದರೆ ಅವಳಿಗಾದದ್ದು ಆ ಕೋಣೆಯಲ್ಲೇ ಮುಚ್ಚಿಹೋಗುತ್ತದೆ. ಅರವತ್ತು ಶಾಲೆಗಳಲ್ಲಿ ಇಂದು ಯಾವ ಮಗು ಕೊನೆಯ ಸಾಲಿನಲ್ಲಿ ಕುಳಿತು ನನ್ನಂಥವರ ಬಾಯಿ ಹುಡುಕುತ್ತಿದೆಯೋ ತಿಳಿಯದು. ಇಷ್ಟು ಗೊತ್ತಿದ್ದೂ ಅವಳು ಹೌದೆನ್ನಲಿ ಎಂದೇ ನನ್ನ ಮನಸ್ಸು ಬೇಡುತ್ತಿದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮಗೆ ಸನ್ಮಾನವಾದ ದಿನ ಮನೆಗೆ ಹೋಗಿ ಹಾಜರಿ ಪುಸ್ತಕ ತೆಗೆಯಿರಿ. ಹೆಸರಿನ ಮುಂದೆ ಗೆರೆ ಬಿದ್ದವರು, ಶಾಲೆ ಬಿಟ್ಟವರು, ಯಾರು ಎಂದು ನೋಡಿ. ಒಬ್ಬರ ಮನೆಗಾದರೂ ಹೋಗಿ, ಯಾಕೆ ಬಿಟ್ಟೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಿಮ್ಮ ಕಾರಣ ಹೇಳಬೇಡಿ. ನಾನು ಹದಿನೆಂಟು ವರ್ಷ ತಡ ಮಾಡಿದೆ. ನೀವು ಅದೇ ವರ್ಷ ಹೋಗಿ.

ಬಾಗಿಲು ತೆರೆಯಿತು. ಮುಂದಿನ ಸಾಲುಗಳನ್ನು ಎದ್ದು ನಿಂತೇ ಬರೆಯುತ್ತಿದ್ದೇನೆ.

ಹುಲಿಗೆಮ್ಮ ನೇರ ನನ್ನ ಹತ್ತಿರ ಬಂದಳು. "ಬ್ಯಾಡ ಅಂದೇನ್ರಿ," ಎಂದಳು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವಳು ನನ್ನ ಚೀಲವನ್ನು ಬೆಂಚಿನಿಂದ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಶಾಲಿ ಮುಚ್ಚೋ ಪಟ್ಟಿ ಬರಿಯೋ ಆಫೀಸು ಐದಕ್ಕ ಬಂದ್ ಆಗ್ತೈತಿ. ನಾ ಮಾತಾಡ್ತೀನಿ, ನೀವು ಬಾಜೂಕ ನಿಂದರ್ರಿ. ಏಳ್ರಿ ಲಗೂನ."

ಹೊರಡುತ್ತೇನೆ.

ದೇವಕ್ಕ