ಡೇರಿಗೆ ಬೇಡವಾದ ನಮ್ಮ ಹಾಲು

28-9-2025, ಭಾನುವಾರ

ಮೂರು ವಾರವಾಯಿತು, ಇವತ್ತೂ ಡೇರಿಯಲ್ಲಿ ನಮ್ಮ ಹಾಲು ಹಾಕಿಸಿಕೊಳ್ಳಲಿಲ್ಲ. ಬದುವಿನ ಜಗಳದಲ್ಲಿ ತೋರಿಸಿದ ಕೋವಿಯನ್ನು ಅಪ್ಪ ಊರಿನವರಿಗೆ ಒಪ್ಪಿಸುವ ತನಕ ಹೀಗೇ ಅಂತೆ. ಡೇರಿ ಅಧ್ಯಕ್ಷ ನಮ್ಮ ದೊಡ್ಡಪ್ಪನೇ. ಬದುವಿನ ಜಗಳ ಇರುವುದೂ ಅವನ ಜೊತೆಗೇ. ಪೇಪರ್ ತೋರಿಸಿ ನಕ್ಕ.

"ನೋಡವ್ವಾ, ಅಣುಬಾಂಬ್ ಮಾಡ್ಬ್ಯಾಡ ಅಂತ ಇರಾನ್‌ಗೂ ಎಲ್ಲಾ ಬಂದ್ ಮಾಡವ್ರೆ. ಒಟ್ಟೆ ಅಸಿದ್ರೆ ದಾರಿಗ್ ಬತ್ತಾರೆ ಕಣ."

ಅವನ ಕೋವಿ ಅವನ ಗೋಡೆಯ ಮೇಲೇ ಇದೆ. 'ಅದನ್ನೂ ಇಳಿಸಿ, ಅಪ್ಪನ ಹತ್ತಿರ ಕೂತು ಮಾತಾಡಿ' ಎನ್ನಬೇಕಿತ್ತು. ಕ್ಯಾನ್ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಹಾಳಾದ ನಾಚಿಕೆ.

ಹಾಲಿನ ದುಡ್ಡಿನ ಬಟವಾಡೆ ನಿಂತು ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆ ಮುಗಿದಿದೆ. ಅಪ್ಪನಿಗೇನೂ ಆಗಿಲ್ಲ, ಕೋವಿ ಒರೆಸುತ್ತಾ ಕೂತಿರುತ್ತಾನೆ. ನಿನ್ನೆವರೆಗೂ ಕೊಟ್ಟುಬಿಡು ಎಂದು ಗೋಗರೆಯುತ್ತಿದ್ದವಳು ನಾನೇ. ಇವತ್ತು ದೊಡ್ಡಪ್ಪನ ಆ ನಗು ನೆನೆದು, ಕ್ಯಾನ್ ಇಳಿಸಿದವಳೇ, "ಕೊಡಬ್ಯಾಡ ಕಣಪ್ಪ" ಅಂದುಬಿಟ್ಟೆ.

ಅಮ್ಮ ನನ್ನನ್ನೇ ನೋಡುತ್ತಿದ್ದಳು.