ಕೋರೆಹಲ್ಲಿನ ತಂತಿ

ಅವ್ವ,

ಒಸಡಿನ ಮೇಲೆ ಹತ್ತಿ ಕೂತಿತ್ತಲ್ಲ ನನ್ನ ಕೋರೆಹಲ್ಲು, ಅದನ್ನ ಸಾಲಿಗೆ ಇಳಿಸೋಕೆ ಹುಣಸೂರಲ್ಲಿ ತಂತಿ ಹಾಕಿಸ್ಕಂಡಿದ್ದೀನಿ. ನೀನು ಹೋದ ಮೇಲೆ. "ಮಗಳು ದೊಡ್ಡವಳಾಗವ್ಳೆ, ನೀನು ಹಲ್ಲಿಗೆ ಬೇಲಿ ಹಾಕಿಸ್ಕಂಡಿದ್ದೀಯಲ್ಲಮ್ಮಿ!" ಅಂತ ಪಕ್ಕದ ಮನೆ ದೇವೀರಿ ನಗ್ತಾಳೆ. ನಗ್ಲಿ.

ನೆನ್ನೆ ಒಣಗಿಸೋಕೆ ಅಂತ ಹೊಗೆಸೊಪ್ಪು ಕಡ್ಡಿಗೆ ಕಟ್ತಾ ಇದ್ದೆ. ನೀನು ಕಲಿಸಿದಂಗೇ ದಾರ ಹಲ್ಲಲ್ಲಿ ಕಚ್ಚಿ ಎಳೆದೆ. ತಂತಿ ಹಿಡ್ಕಳ್ಳೋಕೆ ಹಲ್ಲಿಗೆ ಅಂಟಿಸಿದ್ದ ಬಿಲ್ಲೆ ಪಟಕ್ಕನೆ ಕಿತ್ತು ಬಾಯಿಗೆ ಬಂತು. ಹಲ್ಲೇ ಅಲ್ಲಾಡ್ತೇನೋ, ನಂಜಾಯ್ತದೇನೋ ಅಂತ ಜೀವ ಹಾರೋಯ್ತು. ಬೆಳಿಗ್ಗೆ ಮೊದಲ ಬಸ್ಸಿಗೇ ಓಡಿದೆ.

ಡಾಕ್ಟ್ರಮ್ಮ ನೋಡಿ, "ಹಲ್ಲಿಗೇನೂ ಆಗಿಲ್ಲ ಕಣಮ್ಮ. ಆದ್ರೆ ವಯಸ್ಸಾದೋರ ಹಲ್ಲು ನಿಧಾನಕ್ಕೆ ಸರಿಯೋದು, ಇನ್ನೂ ಒಂದು ವರ್ಷ ಬೇಕು. ನಿಮ್ಮ ಕೆಲಸಕ್ಕೆ ತೊಂದರೆ ಅಂದ್ರೆ ಎಲ್ಲಾ ಬಿಚ್ಚಿಬಿಡ್ಲಾ?" ಅಂದ್ರು.

ಗಂಡಿನ ಕಡೆಯವರು ನೋಡೋಕೆ ಬಂದಾಗ, ನಗುವಾಗ ಸೆರಗು ಅಡ್ಡ ಹಿಡ್ಕೋ ಅಂದಿದ್ದೆ ನೀನು. ಮದುವೆಯಾದ ಮೇಲೂ ನಂಗೆ ಅದೇ ರೂಢಿಯಾಯ್ತು. ಆಸ್ಪತ್ರೇಲಿ ನಿನ್ನ ಮಂಚದ ಪಕ್ಕ ಕೂತು, ನೀನು ಏನೋ ತಮಾಷೆ ಮಾಡಿದಾಗಲೂ ಅಡ್ಡ ಹಿಡ್ಕಂಡೇ ನಕ್ಕೆ.

"ಬಿಚ್ಚಬೇಡಿ ಮೇಡಂ. ಇನ್ನೊಂದ್ಸಲ ಅಂಟಿಸಿ" ಅಂದೆ. ಅಂಟಿಸಿ, ತಂತಿನ ಇನ್ನಷ್ಟು ಬಿಗಿ ಮಾಡಿದ್ರು.

ಈಗ ದವಡೆಯೆಲ್ಲ ಜಗ್ತಾ ಅದೆ. ಮುದ್ದೆ ನುಂಗ್ಕಂಡು ಇದ್ದೀನಿ, ಬೇರೇನೂ ಅಗಿಯೋಕಾಗಲ್ಲ. ನೋಯ್ಲಿ ಬುಡವ್ವ. ಇಷ್ಟು ವರ್ಷ ಕೂತ ಜಾಗ ಬಿಟ್ಟು ಬರ್ತಾ ಅದೆ, ನೋಯ್ದೆ ಇರ್ತದಾ?

ನಿನ್ನ ಮಗಳು,
ನಿಂಗಾಜಿ