ಉಳಿಸು, ಬಿಡು

ತರಬೇತಿ ಕೋಣೆ, ಆಸ್ಪತ್ರೆಯ ಎರಡನೇ ಮಹಡಿ
೨೬ನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಹತ್ತಿಳಿಯಬೇಡ ಎಂದರೆ ನೀನು ಕೇಳುವವಳಲ್ಲ. ಅತ್ತಿಗೆಯನ್ನು ಅಡುಗೆಮನೆಯಿಂದ ಓಡಿಸಿ ನೀನೇ ಒಲೆ ಮುಂದೆ ನಿಂತಿದ್ದೀಯಂತೆ, ಸುದ್ದಿ ಬಂದಿದೆ. ನಾನು ಚೆನ್ನಾಗಿದ್ದೇನೆ. ನೀನು ಒಂದನೇ ತಾರೀಕು ಆಫೀಸಿಗೆ ಕೊಡು ಎಂದು ನನ್ನ ಕೈಗಿಟ್ಟ ರಾಜೀನಾಮೆ ಪತ್ರ ನನ್ನ ಚೀಲದಲ್ಲೇ ಭದ್ರವಾಗಿದೆ. ಅದಕ್ಕಿನ್ನೂ ಐದು ದಿನವಿದೆಯಲ್ಲ, ಅದರೊಳಗೆ ಈ ಕಾಗದವನ್ನು ಪೂರ್ತಿ ಓದಿಬಿಡು.

ಹೊಸ ಸಾಫ್ಟ್‌ವೇರ್ ಕಲಿಸುವುದಕ್ಕೆ ಅದರದೇ ಸುಳ್ಳು ಪ್ರತಿಯೊಂದು ಬೇಕು, ರೋಗಿಗಳಿಗೆ ಏನೂ ಆಗದ ಹಾಗೆ ಜನ ಗುಂಡಿ ಒತ್ತಿ ಒತ್ತಿ ಕಲಿಯಬೇಕು ಎಂದು ಮೇಲಿನವರು ಈಗ ಎಚ್ಚೆತ್ತಿದ್ದಾರೆ. ಅಂಥದ್ದನ್ನು ಕಟ್ಟಿಕೊಡುವ ಸಾಧನಗಳು ಮೂರು ಬಂದಿವೆ, ಯಾವುದು ಒಳ್ಳೆಯದು ನೋಡಿ ಹೇಳು ಎಂದು ನನ್ನ ತಲೆಗೆ ಕಟ್ಟಿದರು. ಮೊದಲನೆಯದಕ್ಕೆ ಸಿನಿಮಾ ಎಂದು ಹೆಸರಿಟ್ಟೆ. ಪರದೆಯ ಮೇಲೆ ನಾನು ಮಾಡಿದ್ದನ್ನು ಚಿತ್ರ ಹಿಡಿದು ತೋರಿಸುತ್ತದೆ, ಅಷ್ಟೇ. ನಿನಗೆ ಅವತ್ತು ಅರ್ಧ ಗಂಟೆ ತೋರಿಸಿ ಕೈತೊಳೆದುಕೊಂಡರಲ್ಲ, ಅದೂ ಇಂಥದ್ದೇ. ದಡದಲ್ಲಿ ಕೂತು ಈಜು ಕಲಿತವರುಂಟೇ? ಎರಡನೆಯದು ಬೆತ್ತದ ಮೇಷ್ಟ್ರು. ಒತ್ತಲು ಬಿಡುತ್ತದೆ, ಆದರೆ ಸರಿಯಾದ ಜಾಗ ಬಿಟ್ಟು ಬೇರೆಲ್ಲಿ ಒತ್ತಿದರೂ ತಪ್ಪು ಎಂದು ಕೆಂಪಗೆ ಗದರುತ್ತದೆ. ಯಾಕೆ ತಪ್ಪು ಎಂದು ಹೇಳುವ ಪುಣ್ಯ ಅದಕ್ಕಿಲ್ಲ. ಮೂರನೆಯದನ್ನು ಕಂಡು ಮಾತ್ರ ನಾನು ಬೆರಗಾಗಿ ಕೂತೆ, ಅಕ್ಕಾ. ಅದು ತಪ್ಪು ದಾರಿಯಲ್ಲೂ ಹೋಗಲು ಬಿಡುತ್ತದೆ. ಹೋದರೆ ಏನಾಗುತ್ತದೆ ಎಂದು ಮುಂದಿನ ಪರದೆಯಲ್ಲಿ ತೋರಿಸುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಇಲ್ಲಿ ಏನೂ ಕೆಡದೆಯೇ ಬುದ್ಧಿ ಬರುತ್ತದೆ. ಇನ್ನೂ ಒಂದಿದೆ. ಯಾರು ಎಲ್ಲಿ ಒತ್ತಿದರೋ ಅಲ್ಲಿ ಒಂದೊಂದು ಚುಕ್ಕೆ ಇಡುತ್ತದೆ.

ನಿನ್ನ ಡಿಸ್ಚಾರ್ಜ್ ಕೌಂಟರಿನ ನಮೂನೆಯನ್ನೇ ಅದರಲ್ಲಿ ಕಟ್ಟಿದೆ. ಆ ನಮೂನೆ ನಿನಗೆ ಮರೆತಿರಲಿಕ್ಕಿಲ್ಲ. ರೋಗಿಯ ಹೆಸರು, ಮನೆಗೆ ಹೊರಟ ದಿನ, ಕೆಳಗೆ ಎರಡು ಗುಂಡಿ: ಉಳಿಸು, ಬಿಡು. ಮೂರು ದಿನ ನೀನು ಎಲ್ಲರಿಗೂ ಬಿಡು ಒತ್ತಿದೆ. ಮೂವತ್ತೊಂದು ಜನ ಮನೆಗೆ ಹೋಗಿಯೂ ಲೆಕ್ಕದಲ್ಲಿ ಹಾಸಿಗೆ ಮೇಲೇ ಉಳಿದರು, ಹೊಸದಾಗಿ ಬಂದವರು ಬೆಂಚಿನ ಮೇಲೆ ಕಾದರು. ಚಿನ್ನದ ಕನ್ನಡಕದ ಡಾಕ್ಟರು ಕಾರಿಡಾರಿನಲ್ಲಿ ಎಲ್ಲರೆದುರು, "ಏನಮ್ಮಾ, ಪೇಷೆಂಟು ಮನೇಲಿ ಕೂತು ಊಟ ಮಾಡ್ತಿದಾನೆ, ನಿಮ್ಮ ಕಂಪ್ಯೂಟರಲ್ಲಿ ಇನ್ನೂ ಮಲಗೇ ಇದಾನಲ್ಲ!" ಎಂದು ನಕ್ಕರು. ಇಪ್ಪತ್ತೆರಡು ವರ್ಷ ಒಂದು ಗೀಟು ತಪ್ಪದೆ ರಿಜಿಸ್ಟರ್ ಬರೆದ ನೀನು ತಲೆ ತಗ್ಗಿಸಿ ನಿಂತೆ.

ನಿನ್ನೆ ಈ ಸಾಫ್ಟ್‌ವೇರ್ ಮುಟ್ಟದ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಕೂರಿಸಿದೆ. ಲಿಫ್ಟಿನವರು, ಅಡುಗೆಯವರು, ದೊಡ್ಡ ನರ್ಸಮ್ಮ, ಹೀಗೆ ಸಿಕ್ಕವರನ್ನೆಲ್ಲ. ಕೊನೆಗೆ ಚಿನ್ನದ ಕನ್ನಡಕದವರನ್ನೂ ಬಿಡಲಿಲ್ಲ. ರೋಗಿಯನ್ನು ಮನೆಗೆ ಕಳಿಸಿ ಎಂದಷ್ಟೇ ಹೇಳಿದೆ. ಸಂಜೆ ಚುಕ್ಕೆಗಳನ್ನು ತೆರೆದು ನೋಡಿದರೆ, ಉಳಿಸು ಮೇಲೆ ಮೂರು, ಬಿಡು ಮೇಲೆ ಒಂಬತ್ತು! ಯಾರ ಪರವೂ ವಾದಿಸದ ಒಂದು ಯಂತ್ರ, ಸುಮ್ಮನೆ ಚುಕ್ಕೆ ಇಟ್ಟು ನಿನ್ನ ಪರ ಸಾಕ್ಷಿ ಹೇಳಿತ್ತು. ಒಂಬತ್ತರಲ್ಲಿ ಒಂದು ಕನ್ನಡಕದವರದು. ಅವರ ಪರದೆಯಲ್ಲಿ "ರೋಗಿ ಇನ್ನೂ ಹಾಸಿಗೆಯಲ್ಲಿದ್ದಾರೆ" ಎಂದು ಬಂದಾಗ, "ಅಲ್ರೀ, ಮನೆಗೆ ಬಿಡು ಅಂತ ತಾನೆ ಒತ್ತಿದ್ದು! ಉಳಿಸು ಅಂದ್ರೆ ಇಲ್ಲೇ ಉಳಿಸಿಕೊಳ್ಳೋದಲ್ವಾ?" ಎಂದು ಜಗಳಕ್ಕೇ ಬಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ನಿಮ್ಮಕ್ಕ ಯಾವಾಗ ಬರ್ತಾರೆ?" ಎಂದು ಮೆಲ್ಲಗೆ ಕೇಳಿ ಹೋದರು.

ಮೂರನೆಯದೇ ಇರಲಿ ಎಂದು ಬರೆದುಕೊಟ್ಟಿದ್ದೇನೆ. ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಬೇಡ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇಷ್ಟೆಲ್ಲ ಬಡಬಡಿಸಿದರೂ ಹೇಳಬೇಕಾದ್ದಕ್ಕೆ ಬಾಯಿ ಬರಲಿಲ್ಲ. ಸೇವ್, ಕ್ಯಾನ್ಸಲ್ ಎಂದಿದ್ದ ಆ ಎರಡು ಗುಂಡಿಗಳಿಗೆ ಕನ್ನಡ ಹುಡುಕಿಕೊಟ್ಟವಳು ನಾನೇ ಅಕ್ಕಾ. ತುಂಬಿದ್ದು ಅಳಿಯದಂತೆ ಉಳಿಸು, ಏನೂ ಬರೆಯದೆ ಹೊರಬರಲು ಬಿಡು ಎಂದುಕೊಂಡು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗೀಚಿ ಕಳಿಸಿದ್ದೆ. ಡಾಕ್ಟರು ನಕ್ಕಾಗ ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲರೆದುರು ಒಪ್ಪಿಕೊಂಡೆ. ಸೋಮವಾರದಿಂದ ಗುಂಡಿಯ ಮೇಲೆ ಉಳಿಸು ಬದಲು "ಬರೆದಿಡು" ಎಂದಿರುತ್ತದೆ, ರಿಜಿಸ್ಟರ್ ಮುಂದೆ ನೀನು ಹೇಳುತ್ತಿದ್ದ ಮಾತೇ. ನಿನ್ನ ಕೆಲಸದ ವಿಷಯಕ್ಕೆ ಒಂದೇ ಪದ ಬರೆದು ಕಳಿಸು: ಉಳಿಸು, ಇಲ್ಲವೇ ಬಿಡು. ಈ ಸಲ ನಿನ್ನ ಅರ್ಥದಲ್ಲೇ ಓದಿಕೊಳ್ಳುತ್ತೇನೆ.